ರಸೀದಿ ಕೊಡದ ಪೆಟ್ಟಿಗೆ



ಕಳೆದ ರಂಜಾನ್ ತಿಂಗಳ ಕೊನೆಯ ವಾರ ನಾನು ಬೆಂಗಳೂರಿನ ಒಂದು ದೊಡ್ಡ ಅಂಚೆ ಕಚೇರಿಯ ಮುಂದೆ ಈದ್ ಕಾರ್ಡ್ ಹಿಡಿದು ನಿಂತಿದ್ದೆ. ಅದು ಮುಂಬೈಯಲ್ಲಿರುವ ನಾನಿಯ ಅಣ್ಣನಿಗೆ ಹೋಗಬೇಕಿತ್ತು. "ಕೆಂಪು ಡಬ್ಬಕ್ಕೇ ಹಾಕು" ಎಂದು ನಾನಿ ಎರಡು ಸಲ ಹೇಳಿ ಕಳುಹಿಸಿದ್ದರು. ಆದರೆ ಅಲ್ಲಿ ಕೆಂಪಿನ ಪಕ್ಕದಲ್ಲೇ ಹಸಿರು, ನೀಲಿ, ಹಳದಿ ಪೆಟ್ಟಿಗೆಗಳೂ ಇದ್ದವು.

ಒಳಗೆ ಹೋಗಿ ವಿಚಾರಿಸಿದೆ. ಹಸಿರು ಅದೇ ಊರಿನ ಪತ್ರಗಳಿಗೆ, ನೀಲಿ ಮಹಾನಗರಗಳಿಗೆ, ಹಳದಿ ರಾಜ್ಯಗಳ ರಾಜಧಾನಿಗಳಿಗೆ, ಕೆಂಪು ಉಳಿದ ಊರುಗಳಿಗೆ ಎಂದು ತಿಳಿಯಿತು. ಹೀಗೆ ಮಾಡಿದರೆ ಪತ್ರ ವಿಂಗಡಿಸುವ ಕೆಲಸ ಸ್ವಲ್ಪ ಹಗುರವಾಗುತ್ತದೆ. ಕಾರ್ಡನ್ನು ನೀಲಿ ಪೆಟ್ಟಿಗೆಗೆ ಹಾಕಿ ಮನೆಗೆ ಬಂದೆ. ನಾನಿ ಗಾಬರಿಯಾದರು. "ಅದು ಅಂಚೆಯವರ ಡಬ್ಬವೇ ಅಂತ ನಿನಗೆ ಹೇಗೆ ಗೊತ್ತು?" ಎಂದರು.

ಆ ಪ್ರಶ್ನೆ ನನ್ನ ತಲೆಯಲ್ಲಿ ಉಳಿಯಿತು. ಲೆಕ್ಕಶಾಸ್ತ್ರದಲ್ಲಿ ನಾವು ಪ್ರತಿ ವ್ಯವಹಾರಕ್ಕೂ ಒಂದು ವೋಚರ್ ಬೇಕು ಎಂದು ಕಲಿಯುತ್ತೇವೆ. ಅಂಚೆ ಪೆಟ್ಟಿಗೆ ಯಾವ ರಸೀದಿಯನ್ನೂ ಕೊಡುವುದಿಲ್ಲ. ಅಲ್ಲಿ ಯಾರೂ ಕುಳಿತಿರುವುದೂ ಇಲ್ಲ. ಆದರೂ ಹಣ ಕೊಟ್ಟು ಅಂಟಿಸಿದ ಚೀಟಿಯೊಂದಿಗೆ ಪತ್ರವನ್ನು ಅದರೊಳಗೆ ಬಿಡುತ್ತೇವೆ. ನಮಗೆ ಭರವಸೆ ಕೊಡುವುದು ಅದರ ಬಣ್ಣ.

1840ರಲ್ಲಿ ಬ್ರಿಟನ್ನಿನಲ್ಲಿ ಅಂಚೆ ಚೀಟಿ ಬಂದ ಮೇಲೆ ಹಣವನ್ನು ಮೊದಲೇ ಪಾವತಿಸಿ ಪತ್ರ ಕಳಿಸುವುದು ಸುಲಭವಾಯಿತು. ಹಾಗಾಗಿ ಬೀದಿಯಲ್ಲಿ ಪೆಟ್ಟಿಗೆ ಇಡಲು ಸಾಧ್ಯವಾಯಿತು. ಅಂಚೆ ಇಲಾಖೆಯಲ್ಲಿದ್ದ ಕಾದಂಬರಿಕಾರ ಆಂಥೊನಿ ಟ್ರೊಲೊಪ್ ಅವರ ಸಲಹೆಯಂತೆ 1852ರಲ್ಲಿ ಜೆರ್ಸಿ ದ್ವೀಪದಲ್ಲಿ ಕಂಬದಂಥ ಪೆಟ್ಟಿಗೆಗಳನ್ನು ನಿಲ್ಲಿಸಿದರು. 1859ರಿಂದ ಬ್ರಿಟನ್ನಿನಲ್ಲಿ ಹಸಿರು ಬಣ್ಣವೇ ರೂಢಿಗೆ ಬಂತು. ಆದರೆ ಆ ಹಸಿರು ಜನರ ಕಣ್ಣಿಗೆ ಸರಿಯಾಗಿ ಬೀಳುತ್ತಿರಲಿಲ್ಲ. 1874ರಲ್ಲಿ ಕೆಂಪು ಬಣ್ಣ ಆರಿಸಿದರು. ಎಲ್ಲ ಪೆಟ್ಟಿಗೆಗಳಿಗೂ ಬಳಿದು ಮುಗಿಸಲು ಸುಮಾರು 10 ವರ್ಷ ಬೇಕಾಯಿತು. ನಮ್ಮ ದೇಶದ ಕೆಂಪು ಪೆಟ್ಟಿಗೆಯೂ ಬ್ರಿಟಿಷರ ಕಾಲದ್ದೇ.

ನನಗೆ ಬಹಳ ಹಿಡಿಸಿದ್ದು ಐರ್ಲೆಂಡ್ ಕಥೆ. 1922ರಲ್ಲಿ ಐರ್ಲೆಂಡಿಗೆ ಸ್ವಂತ ಸರ್ಕಾರ ಬಂತು. ಬೀದಿಗಳಲ್ಲಿ ಇದ್ದದ್ದು ಬ್ರಿಟಿಷರ ಕೆಂಪು ಪೆಟ್ಟಿಗೆಗಳು. ಅವು ಗಟ್ಟಿ ಎರಕದ ಕಬ್ಬಿಣದವು, ಕಿತ್ತು ಹೊಸದು ಹಾಕಿದರೆ ದೊಡ್ಡ ಖರ್ಚು. ಹೊಸ ಸರ್ಕಾರ ಅವುಗಳ ಮೇಲೆ ಹಸಿರು ಬಣ್ಣ ಬಳಿಸಿತು. ಹಳೆಯ ಪೆಟ್ಟಿಗೆಗಳಲ್ಲಿ ಹಸಿರಿನ ಅಡಿಯಲ್ಲಿ ವಿಕ್ಟೋರಿಯಾ ರಾಣಿಯ ಹೆಸರಿನ ಅಕ್ಷರಗಳು ಇಂದಿಗೂ ಕಾಣುತ್ತವೆ. ಒಂದು ಡಬ್ಬ ಬಣ್ಣದಲ್ಲಿ ಮಾಲೀಕ ಬದಲಾದ ಸುದ್ದಿ ಮೂಲೆ ಮೂಲೆಗೂ ತಲುಪಿತು.

ಜರ್ಮನಿ, ಫ್ರಾನ್ಸ್‌ಗಳಲ್ಲಿ ಹಳದಿ, ಚೀನಾದಲ್ಲಿ ಹಸಿರು, ಅಮೆರಿಕದಲ್ಲಿ ಕಡುನೀಲಿ ಪೆಟ್ಟಿಗೆಗಳಿವೆ. ಜಪಾನಿನಲ್ಲಿ ಮೊದಲು ಕಪ್ಪು ಪೆಟ್ಟಿಗೆಗಳಿದ್ದವು, 20ನೇ ಶತಮಾನದ ಆರಂಭದಲ್ಲಿ ಕೆಂಪಾದವು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಬ್ರಿಟನ್ ಕ್ರೀಡಾಪಟುಗಳ ಗೌರವಕ್ಕಾಗಿ ಪೆಟ್ಟಿಗೆಗಳಿಗೆ ಚಿನ್ನದ ಬಣ್ಣ ಬಳಿದರು. ಸೋಮಾಲಿಯಾದಲ್ಲಿ ಹುಟ್ಟಿ ಬಾಲಕನಾಗಿ ಬ್ರಿಟನ್ನಿಗೆ ಬಂದ ಓಟಗಾರ ಮೊ ಫರಾ ಅವರೂ ಈ ಗೌರವ ಪಡೆದರು.

ವ್ಯವಹಾರ ಅಧ್ಯಯನದಲ್ಲಿ ಬ್ರ್ಯಾಂಡ್ ಎಂದರೆ ಒಂದು ಸರಕನ್ನು ಬೇರೆಯವುಗಳಿಂದ ಗುರುತಿಸುವ ಹೆಸರು ಅಥವಾ ಚಿಹ್ನೆ ಎಂದು ಬರೆದು ಅಂಕ ಪಡೆಯುತ್ತೇವೆ. ನಾನಿ ಶಾಲೆಯಲ್ಲಿ ಹೆಚ್ಚು ಓದಿದವರಲ್ಲ. ಆದರೆ ಅವರ ಪ್ರಶ್ನೆಯಲ್ಲಿ ಅದಕ್ಕಿಂತ ಹೆಚ್ಚಿನದಿತ್ತು. ಬಣ್ಣವನ್ನು ಒಂದು ದಿನದಲ್ಲಿ ಬಳಿಯಬಹುದು, ನಂಬಿಕೆ ಮಾತ್ರ ಪತ್ರಗಳು ವರ್ಷಗಟ್ಟಲೆ ತಪ್ಪದೆ ತಲುಪಿದ ಮೇಲೆ ಬರುತ್ತದೆ. ಜೀವನವಿಡೀ ಅವರ ಪತ್ರಗಳು ಕೆಂಪು ಪೆಟ್ಟಿಗೆಯಿಂದಲೇ ತಲುಪಿದ್ದವು. ನೀಲಿಯನ್ನು ಅವರು ಏಕೆ ನಂಬಬೇಕಿತ್ತು?

ಈದ್ ಕಳೆದ ಎರಡನೇ ದಿನ ಮುಂಬೈಯಿಂದ ಫೋನ್ ಬಂತು, ಕಾರ್ಡ್ ತಲುಪಿತ್ತು. ಮಾತು ಮುಗಿಸಿ ನಾನಿ ನನ್ನ ಕಡೆ ತಿರುಗಿ, "ಬರುವ ವರ್ಷವೂ ಆ ನೀಲಿ ಡಬ್ಬಕ್ಕೇ ಹಾಕು" ಎಂದರು.