ಬಿ. ಡಿ. ಜತ್ತಿ: ಹೋರಾಟದ ಉತ್ತರಾರ್ಧ

ಸ್ವಾತಂತ್ರ್ಯ ಹೋರಾಟವನ್ನು ಕುರಿತ ನಮ್ಮ ಅಧ್ಯಯನಗಳು ಬಹುಮಟ್ಟಿಗೆ 1947ಕ್ಕೆ ಮುಗಿಯುತ್ತವೆ. ಆದರೆ ಹೋರಾಟಗಾರನು ಅಧಿಕಾರವನ್ನು ಹೇಗೆ ನಿರ್ವಹಿಸಿದನೆಂಬುದು ಆ ಚರಿತ್ರೆಯದೇ ಉತ್ತರಾರ್ಧ. ಬಸಪ್ಪ ದಾನಪ್ಪ ಜತ್ತಿಯವರ ಬದುಕನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಜಮಖಂಡಿ ತಾಲ್ಲೂಕಿನ ಸಾವಳಗಿ ಅವರ ಜನ್ಮಸ್ಥಳ. ಕೊಲ್ಹಾಪುರದಲ್ಲಿ ಕಾನೂನು ವ್ಯಾಸಂಗ ಮಾಡಿ ಜಮಖಂಡಿಯಲ್ಲಿ ವಕೀಲರಾದರು. ಅದು ಪಟವರ್ಧನ ಮನೆತನದ ಸಂಸ್ಥಾನ. ಸಂಸ್ಥಾನಗಳಲ್ಲಿ ಹೋರಾಟದ ಸ್ವರೂಪವೇ ಬೇರೆ. ಅಲ್ಲಿ ಪ್ರಜಾಪರಿಷತ್ತು ಜವಾಬ್ದಾರಿ ಸರಕಾರವನ್ನು ಅರಸನಿಂದಲೇ ಪಡೆಯಬೇಕಿತ್ತು. ಆ ಚಳವಳಿಯಲ್ಲಿ ಬೆಳೆದ ಜತ್ತಿಯವರು ಸಂಸ್ಥಾನದ ಮಂತ್ರಿಯಾಗಿ, 1948ರಲ್ಲಿ ದಿವಾನರಾದರು. ಅದೇ ವರ್ಷ ಮಾರ್ಚ್ 8ರಂದು ಜಮಖಂಡಿಯು ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡಿತು. ದಿವಾನರು ವಕೀಲಿ ವೃತ್ತಿಗೆ ಮರಳಿದರು.

ಪುಣೆಯ ದೇಹೂ ರೋಡ್ ಪರಿಸರವೂ ಜಮಖಂಡಿಯೂ 1956ರವರೆಗೆ ಒಂದೇ ಆಡಳಿತಕ್ಕೆ ಸೇರಿದ್ದವು. ಆ ರಾಜ್ಯದಲ್ಲಿ 1952ರಲ್ಲಿ ಮೊರಾರ್ಜಿ ದೇಸಾಯಿಯವರು ಮುಖ್ಯಮಂತ್ರಿಗಳಾದಾಗ ಜತ್ತಿಯವರು ಉಪಮಂತ್ರಿಗಳಾಗಿದ್ದರು. ರಾಜ್ಯ ಪುನರ್ವಿಂಗಡಣೆಯ ಬಳಿಕ ಮೈಸೂರು ರಾಜ್ಯದ ಭೂಸುಧಾರಣಾ ಸಮಿತಿಯ ಅಧ್ಯಕ್ಷತೆ ವಹಿಸಿದರು. 1958ರಿಂದ 1962ರವರೆಗೆ ಮುಖ್ಯಮಂತ್ರಿಗಳಾಗಿದ್ದರು. 1961ರ ಭೂಸುಧಾರಣಾ ಕಾಯಿದೆ ಆ ಅವಧಿಯದು. 1974ರಲ್ಲಿ ಉಪರಾಷ್ಟ್ರಪತಿಗಳಾದರು.

1977ರ ಫೆಬ್ರವರಿ 11ರಂದು ಫಕ್ರುದ್ದೀನ್ ಅಲಿ ಅಹಮದ್ ಅವರು ನಿಧನ ಹೊಂದಲು, ಜತ್ತಿಯವರು ಹಂಗಾಮಿ ರಾಷ್ಟ್ರಪತಿಗಳಾದರು. ಮಾರ್ಚ್ 21ರಂದು ಆಂತರಿಕ ತುರ್ತುಪರಿಸ್ಥಿತಿ ಅವರ ಅವಧಿಯಲ್ಲೇ ಕೊನೆಗೊಂಡಿತು. ಮಾರ್ಚ್ 24ರಂದು ತಮ್ಮ ಹಿಂದಿನ ಮುಖ್ಯಮಂತ್ರಿಗೆ ಅವರೇ ಪ್ರಧಾನಿಯಾಗಿ ಪ್ರಮಾಣವಚನ ಬೋಧಿಸಿದರು.

ನಿಜವಾದ ಪರೀಕ್ಷೆ ಏಪ್ರಿಲ್‌ನಲ್ಲಿ ಬಂದಿತು. ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಬೇಕೆಂಬ ಸಂಪುಟದ ಸಲಹೆಗೆ ಜತ್ತಿಯವರು ಒಡನೆಯೇ ಸಹಿ ಹಾಕಲಿಲ್ಲ. ಅದು ಕಾಂಗ್ರೆಸ್ ನಿಷ್ಠೆಯೆಂಬ ಟೀಕೆ ಎದ್ದಿತು. ಏಪ್ರಿಲ್ 29ರಂದು ಸರ್ವೋಚ್ಚ ನ್ಯಾಯಾಲಯವು ರಾಜ್ಯಗಳ ದಾವೆಯನ್ನು ತಳ್ಳಿಹಾಕಿತು. ಮರುದಿನ ಅವರು ಸಹಿ ಮಾಡಿದರು.

ಇದನ್ನು ದೌರ್ಬಲ್ಯವೆನ್ನಬೇಕೆ, ವಿವೇಕವೆನ್ನಬೇಕೆ? 1976ರ 42ನೆಯ ತಿದ್ದುಪಡಿಯು ರಾಷ್ಟ್ರಪತಿಯು ಸಂಪುಟದ ಸಲಹೆಯಂತೆಯೇ ನಡೆಯತಕ್ಕದ್ದೆಂದು ವಿಧಿಸಿತ್ತು. ಆದುದರಿಂದ ನಿರಾಕರಣೆಗೆ ಎಡೆಯಿರಲಿಲ್ಲ. ಆದರೆ ಸಲಹೆಯನ್ನು ಒಮ್ಮೆ ಮರುಪರಿಶೀಲನೆಗೆ ಕಳುಹಿಸುವ ಅಧಿಕಾರವನ್ನು 1978ರ 44ನೆಯ ತಿದ್ದುಪಡಿಯು ರಾಷ್ಟ್ರಪತಿಗೆ ನೀಡಿತು. ಅಂದರೆ ಜತ್ತಿಯವರ ಹಿಂಜರಿಕೆಯಂಥ ನಡೆಗೆ ಸಂವಿಧಾನವು ಬಳಿಕ ಒಂದು ಕ್ರಮಬದ್ಧ ರೂಪ ಕೊಟ್ಟಂತಾಯಿತು. ಅವರ ಮನಸ್ಸಿನಲ್ಲಿ ಪಕ್ಷಪ್ರೀತಿ ಇದ್ದಿರಲೂಬಹುದು. ಆದರೆ ಅದು ಕೊನೆಯ ಮಾತಾಗಲಿಲ್ಲ.

ಜುಲೈ 25ರಂದು ನೀಲಂ ಸಂಜೀವ ರೆಡ್ಡಿಯವರಿಗೆ ಸ್ಥಾನವನ್ನು ಬಿಟ್ಟುಕೊಟ್ಟು ಜತ್ತಿಯವರು ಉಪರಾಷ್ಟ್ರಪತಿ ಹುದ್ದೆಗೆ ಹಿಂದಿರುಗಿದರು. ದಿವಾನಗಿರಿಯನ್ನು ತೊರೆದು ವಕೀಲಿಗೆ ಮರಳಿದ 1948ರ ನಡೆಯನ್ನು ಇದರೊಂದಿಗೆ ಇಟ್ಟು ನೋಡಿದರೆ, ಆ ಬದುಕಿನ ಸೂತ್ರ ತಿಳಿಯುತ್ತದೆ: ಅಧಿಕಾರವನ್ನು ಪಡೆಯುವುದು ಹೋರಾಟದ ಪೂರ್ವಾರ್ಧವಾದರೆ, ಅದನ್ನು ಕ್ರಮವರಿತು ಒಪ್ಪಿಸಿ ಬರುವುದು ಉತ್ತರಾರ್ಧ.