ದೂರದ ಕೃಷ್ಣಮೃಗ, ಕಣ್ಣೆದುರಿನ ಪರದೆ

ಪ್ರಶ್ನೆ: ಸಖರಾಯಪಟ್ಟಣದ ಅಯ್ಯನಕೆರೆ ಏರಿಯ ಮೇಲೆ ನಿಂತರೆ ಆಚೆ ದಡದ ಹಕ್ಕಿಗಳು ಬರೀ ಚುಕ್ಕಿ. ಬೈನಾಕ್ಯುಲರ್ ಹಿಡಿದರೆ ಅಮ್ಮನ ಕೈ ನಡುಗುತ್ತದೆ. ಕ್ಯಾಮೆರಾಕ್ಕೆ ಪುಟ್ಟ ಪರದೆ ಜೋಡಿಸಿ ಮನೆಮಂದಿಯೆಲ್ಲ ಒಟ್ಟಿಗೆ ನೋಡಬಹುದೇ? ಬಾಸೂರು ಕಾವಲಿನ ಕೃಷ್ಣಮೃಗಗಳಿಗೂ ಇದು ಆದೀತೇ?

ಉತ್ತರ: ಖಂಡಿತ ಆಗುತ್ತದೆ. ಆದರೆ ದೂರದ್ದನ್ನು ಹತ್ತಿರ ತರುವುದು ಲೆನ್ಸ್. ಪರದೆ ಅದನ್ನು ಎಲ್ಲರಿಗೂ ಹಂಚುತ್ತದೆ, ಅಷ್ಟೆ. ಹಾಗಾಗಿ ಆಪ್ಟಿಕಲ್ ಜೂಮ್ ಎಷ್ಟಿದೆ ಎಂದು ನೋಡಿ. ಡಿಜಿಟಲ್ ಜೂಮ್ ಚಿತ್ರವನ್ನು ಹಿಗ್ಗಿಸುತ್ತದೆಯೇ ಹೊರತು ಹೊಸ ವಿವರ ಕೊಡುವುದಿಲ್ಲ.

ನಿಕಾನ್ ಪಿ950ರಂಥ 83 ಪಟ್ಟು ಜೂಮ್‌ನ ಕ್ಯಾಮೆರಾ 2000 ಮಿ.ಮೀ. ಲೆನ್ಸಿಗೆ ಸಮ. ಅರ್ಧ ಕಿಲೋಮೀಟರ್ ದೂರದಲ್ಲಿ ಅದರ ಚೌಕಟ್ಟಿಗೆ ಸಿಗುವುದು ಸುಮಾರು 9 ಮೀಟರ್ ಅಗಲದ ಬಯಲು. ಅಲ್ಲಿ ನಿಂತ ಕೃಷ್ಣಮೃಗ ಕ್ಯಾಮೆರಾದ 3.2 ಇಂಚಿನ ಪರದೆಯಲ್ಲಿ 1 ಸೆಂ.ಮೀ. ಕೂಡ ಇರದು, 15 ಇಂಚಿನ ಪರದೆಯಲ್ಲಿ 4 ಸೆಂ.ಮೀ. ದಾಟುತ್ತದೆ. ಗಾಳಿ ತಿಳಿಯಾಗಿದ್ದರೆ ಗಂಡಿನ ಕೊಂಬಿನ ಸುರುಳಿಯನ್ನು ಅಮ್ಮ ಕುರ್ಚಿಯಲ್ಲಿ ಕೂತೇ ನೋಡಬಹುದು.

ಪರದೆಯನ್ನು ಎಚ್‌ಡಿಎಂಐ ಕೇಬಲ್‌ನಲ್ಲೇ ಜೋಡಿಸಿ. ವೈಫೈನಲ್ಲಿ ಚಿತ್ರ ತಡವಾಗಿ ಬರುವುದರಿಂದ ಓಡುವ ಪ್ರಾಣಿ ಕೈತಪ್ಪುತ್ತದೆ. ಇಷ್ಟು ಜೂಮ್‌ನಲ್ಲಿ ಬೆರಳು ತಾಕಿದರೂ ಚಿತ್ರ ಅಲುಗಾಡುವುದರಿಂದ ಗಟ್ಟಿ ಟ್ರೈಪಾಡ್ ಬೇಕೇ ಬೇಕು. ಬಿಸಿಲಲ್ಲಿ ಪರದೆ ಮಂಕಾಗುತ್ತದೆ. ರಟ್ಟಿನ ಪೆಟ್ಟಿಗೆಯ ಒಂದು ಬದಿ ಕತ್ತರಿಸಿ ಒಳಗೆ ಕಪ್ಪು ಕಾಗದ ಅಂಟಿಸಿ, ಪರದೆಯನ್ನು ಅದರೊಳಗಿಡಿ. ಪರದೆಗೆ ಪವರ್ ಬ್ಯಾಂಕ್, ಕ್ಯಾಮೆರಾಕ್ಕೆ ಇನ್ನೊಂದು ಬ್ಯಾಟರಿ ಜೊತೆಗಿರಲಿ.

ಹೊತ್ತು ಬಹಳ ಮುಖ್ಯ. ಬಿಸಿಲೇರಿದಂತೆ ಕಾವಲಿನ ನೆಲ ಕಾದು ಗಾಳಿ ನಡುಗುತ್ತದೆ. ಲೆನ್ಸ್ ಆ ನಡುಕವನ್ನೂ ಹಿಗ್ಗಿಸುತ್ತದೆ. ಎಷ್ಟು ಬೆಲೆಯ ಕ್ಯಾಮೆರಾ ಆದರೂ ಇದಕ್ಕೆ ಮದ್ದಿಲ್ಲ. ಬೆಳಕು ಹರಿದ ಮೊದಲ ಎರಡು ಗಂಟೆಯೊಳಗೆ ನೋಡಿ. ಕೆರೆಯಲ್ಲಾದರೆ ಸೂರ್ಯ ಬೆನ್ನ ಹಿಂದೆ ಬರುವಂತೆ ಕೂರಿ. ಎದುರು ಬೆಳಕಿನಲ್ಲಿ ನೀರುಕಾಗೆಯೂ ಕಪ್ಪು, ಬೆಳ್ಳಕ್ಕಿಯೂ ಕಪ್ಪು.

ಬಾಸೂರು ಅಮೃತಮಹಲ್ ಕಾವಲು 2011ರಿಂದ ಸಂರಕ್ಷಣಾ ಮೀಸಲು. ಅಲ್ಲಿ ಸಾರ್ವಜನಿಕ ರಸ್ತೆಯಿಂದಲೇ ನೋಡಿ; ಒಳಗೆ ಹೋಗಬೇಕಿದ್ದರೆ ಮೊದಲು ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ. ಮೇಯುತ್ತಿದ್ದ ಹಿಂಡು ತಲೆಯೆತ್ತಿ ನಿಮ್ಮತ್ತಲೇ ನೋಡತೊಡಗಿದರೆ ಹಿಂದೆ ಸರಿಯಿರಿ. ಬಯಲಿನ ಈ ಜೀವಗಳಿಗೆ ದೂರವೇ ರಕ್ಷೆ. ಆ ದೂರವನ್ನು ಮುರಿಯದೆ ಅಮ್ಮನಿಗೂ ಮಕ್ಕಳಿಗೂ ಅವನ್ನು ತೋರಿಸಬಹುದಲ್ಲ, ನಿಮ್ಮ ಏರ್ಪಾಡನ್ನು ನಾನು ಮನಸಾರೆ ಒಪ್ಪುವುದು ಅದಕ್ಕೇ.