ಮೂಡಗಾಳಿಗೆ ಯಾವ ಕ್ರೀಮು? ಡಬ್ಬಿಯ ಹಿಂಬದಿ ಓದಿ ಕೊಳ್ಳಿ

ದೀಪಾವಳಿ ಮುಗಿದು ಮೂಡಗಾಳಿ ಬೀಸತೊಡಗಿತೆಂದರೆ ಸೊರಟೂರ, ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಸೀಮೆಯಲ್ಲಿ ಮುಖ ಬಿರಿಯುವ ದಿನಗಳು ಬಂದವೆಂದೇ ಲೆಕ್ಕ. ಸೀತನಿ ತಿನ್ನುವ ಹೊತ್ತಿಗೆ ಕೆನ್ನೆಯ ಮೇಲೆ ಬಿಳಿ ಹೊಟ್ಟು ಏಳುತ್ತದೆ, ತುಟಿ ಒಡೆಯುತ್ತದೆ, ಮುಖ ತೊಳೆದು ಒರೆಸಿದ ಕೂಡಲೇ ಚರ್ಮ ಬಿಗಿಯುತ್ತದೆ. ಮೊದಲು ಇದಕ್ಕೆ ಮನೆಯಲ್ಲಿದ್ದದ್ದು ಕೊಬ್ಬರಿ ಎಣ್ಣೆ, ಇಲ್ಲವೇ ಪೆಟ್ರೋಲಿಯಂ ಜೆಲ್ಲಿಯ ಡಬ್ಬಿ. ಈಗ ಗದಗಿನ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುವ ಹುಡುಗ ಹುಡುಗಿಯರು ಫೋನಿನಲ್ಲಿ ‘ವಾಟರ್ ಜೆಲ್’, ‘ಹೈಡ್ರೇಟಿಂಗ್ ಜೆಲ್ ಕ್ರೀಮ್’ ನೋಡಿ ತರಿಸಿಕೊಳ್ಳುತ್ತಾರೆ. 50 ಗ್ರಾಮಿನ ಡಬ್ಬಿಗೆ ಸಾವಿರ, ಸಾವಿರದ ಐದುನೂರು ರೂಪಾಯಿ. ಅಂಗಡಿಯಲ್ಲಿ ಕೇಳಿದರೂ ಅದೇ ಮಾತು: “ಹಗುರ ಐತ್ರಿ, ಜಿಡ್ಡ ಅಂಟಂಗಿಲ್ಲ.”

ಜಿಡ್ಡಿಲ್ಲದ ಕ್ರೀಮು ಬೇಕೆನ್ನುವುದು ನ್ಯಾಯವಾದ ಬಯಕೆ. ಎಣ್ಣೆ ಬಳಿದುಕೊಂಡು ಬೈಕಿನ ಮೇಲೆ ಗದಗ ಮುಟ್ಟುವಷ್ಟರಲ್ಲಿ ಮುಖಕ್ಕೆಲ್ಲ ಧೂಳು ಮೆತ್ತಿರುತ್ತದೆ. ಮೊಡವೆ ಏಳುವ ವಯಸ್ಸಿನವರಿಗಂತೂ ದಪ್ಪ ಕ್ರೀಮು ಆಗಿಬರುವುದಿಲ್ಲ. ಆದರೆ ಮಂಗಳೂರಿನ ಸೆಕೆಗೆ ಹೇಳಿಮಾಡಿಸಿದಂತಿರುವ ಜೆಲ್ ನಮ್ಮ ಡಿಸೆಂಬರಿನ ಒಣಗಾಳಿಗೆ ಸಾಲದೆ ಹೋಗಬಹುದು. ಸಾಲುತ್ತದೆಯೋ ಇಲ್ಲವೋ ಎಂಬುದು ಬೆಲೆಯಿಂದ ಗೊತ್ತಾಗುವುದಿಲ್ಲ, ಡಬ್ಬಿಯ ಹಿಂಬದಿಯ ಸಣ್ಣ ಅಕ್ಷರಗಳಿಂದ ಗೊತ್ತಾಗುತ್ತದೆ. ಅದನ್ನು ಓದುವ ಬಗೆ ಇಲ್ಲಿದೆ.

ಮೊದಲು ನೀರು, ಸಾಬೂನು

ಕ್ರೀಮಿಗೆ ದುಡ್ಡು ಹಾಕುವ ಮುನ್ನ ಮುಖ ತೊಳೆಯುವ ರೀತಿ ನೋಡಿಕೊಳ್ಳಿ. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ಗಡಸು ನೀರಿನಲ್ಲಿ ಸಾಬೂನು ನೊರೆ ಕೊಡುವುದಿಲ್ಲ, ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಚರ್ಮದ ಮೇಲೆ ಪೊರೆಯಾಗಿ ಉಳಿಯುತ್ತದೆ. ಆರೋಗ್ಯವಂತ ಚರ್ಮದ ಮೇಲ್ಮೈ ಸ್ವಲ್ಪ ಆಮ್ಲೀಯ, ಪಿಎಚ್ ಸುಮಾರು 5. ಮೈಸಾಬೂನಿನದು 9ರಿಂದ 10. ದಿನಕ್ಕೆ ನಾಲ್ಕು ಸಲ ಸಾಬೂನು ಹಚ್ಚಿ, ಸುಡುವ ನೀರಿನಲ್ಲಿ ತೊಳೆದು, ಆಮೇಲೆ ಎಷ್ಟು ದುಬಾರಿ ಕ್ರೀಮು ಬಳಿದರೂ ಒಡೆದದ್ದಕ್ಕೆ ತೇಪೆ ಹಾಕಿದಷ್ಟೇ ಆಗುತ್ತದೆ. ಚಳಿಗಾಲದಲ್ಲಿ ಮುಖಕ್ಕೆ ಸಾಬೂನು ದಿನಕ್ಕೊಮ್ಮೆ ಸಾಕು, ಅದೂ ಸಂಜೆ, ಧೂಳು ತೊಳೆಯಲು. ಬೆಳಿಗ್ಗೆ ಬರೀ ಉಗುರುಬೆಚ್ಚಗಿನ ನೀರು. ಹದಿನೈದು ದಿನ ಹೀಗೆ ಮಾಡಿದರೆ ಕೆಲವರಿಗೆ ಹೊಸ ಕ್ರೀಮೇ ಬೇಕಾಗುವುದಿಲ್ಲ.

ತೇವ ಹಿಡಿಯುವುದು, ತೇವ ಕಾಯುವುದು

ಚರ್ಮದ ತೀರ ಮೇಲಿನ ಪದರದಲ್ಲಿ ಸತ್ತ ಕೋಶಗಳು ಒತ್ತೊತ್ತಾಗಿ ಜೋಡಣೆಯಾಗಿರುತ್ತವೆ. ಅವುಗಳ ನಡುವೆ ಸೆರಮೈಡ್, ಕೊಲೆಸ್ಟೆರಾಲ್, ಕೊಬ್ಬಿನಾಮ್ಲಗಳ ಬೆಸುಗೆ ಇರುತ್ತದೆ. ಒಳಗಿನ ನೀರು ಈ ಪದರವನ್ನು ದಾಟಿ ಸದಾ ಸ್ವಲ್ಪಸ್ವಲ್ಪವಾಗಿ ಆವಿಯಾಗುತ್ತಿರುತ್ತದೆ. ಗಾಳಿ ಒಣಗಿದಷ್ಟೂ ಆವಿ ಹೆಚ್ಚು.

ಇದನ್ನು ಹಿಂಗಾರಿ ಮಾಡುವವರಿಗೆ ಬಿಡಿಸಿ ಹೇಳಬೇಕಿಲ್ಲ. ಬಿತ್ತಿದ ಮೇಲೆ ಮಳೆ ಬಾರದಿದ್ದರೂ ಬಿಳಿಜೋಳ ಬರುವುದು ಎರೆಯಲ್ಲಿ ಉಳಿದ ಹಸಿಯಿಂದ. ಆ ಹಸಿ ಆರದಿರಲೆಂದೇ ಎಡೆ ಹೊಡೆದು ಬಿರುಕು ಮುಚ್ಚುತ್ತಾರೆ. ಮಣ್ಣು ನೀರು ಹಿಡಿದರೆ ಸಾಲದು, ಮೇಲೆ ಮುಚ್ಚಿಗೆಯೂ ಬೇಕು. ಮುಖದ ಕ್ರೀಮಿನಲ್ಲಿ ಹುಡುಕಬೇಕಾದದ್ದೂ ಈ ಎರಡನ್ನೇ.

ನೀರು ಹಿಡಿಯುವವು ಗ್ಲಿಸರಿನ್, ಹಯಲುರಾನಿಕ್ ಆ್ಯಸಿಡ್, ಯೂರಿಯಾ, ಪ್ಯಾಂಥೆನಾಲ್, ಬ್ಯುಟಿಲೀನ್ ಗ್ಲೈಕಾಲ್, ಸೋಡಿಯಂ ಪಿಸಿಎ. ಮುಚ್ಚಿಗೆಯಾಗುವವು ಪೆಟ್ರೊಲೇಟಮ್, ಡೈಮೆಥಿಕೋನ್, ಮಿನರಲ್ ಆಯಿಲ್, ಶಿಯಾ ಬಟರ್, ಜೇನುಮೇಣ. ಇವೆರಡರ ನಡುವೆ ಕೋಶಗಳ ಸಂದು ತುಂಬಿ ಚರ್ಮ ನಯಗೊಳಿಸುವ ಸ್ಕ್ವಾಲೇನ್, ಸೆರಮೈಡ್ ಮತ್ತು ಬೀಜದ ಎಣ್ಣೆಗಳು ಇರುತ್ತವೆ. ಮುಚ್ಚುವ ಕೆಲಸದಲ್ಲಿ ಪೆಟ್ರೊಲೇಟಮ್‌ಗೆ ಇವತ್ತಿಗೂ ಸರಿಸಾಟಿಯಿಲ್ಲ, ಆದರೆ ಜಿಡ್ಡು. ‘ಹಗುರ’ ಎನಿಸಿಕೊಳ್ಳುವ ಕ್ರೀಮುಗಳು ಅದನ್ನು ಬಿಟ್ಟು ಡೈಮೆಥಿಕೋನ್ ಎಂಬ ಸಿಲಿಕೋನ್ ಹಾಕುತ್ತವೆ. ಬೆರಳಿಗೆ ರೇಷ್ಮೆಯಂತೆ ಜಾರುತ್ತದೆ, ತೆಳುವಾಗಿ ಮುಚ್ಚುತ್ತದೆ, ರಂಧ್ರ ಕಟ್ಟುವುದಿಲ್ಲ. ಸಿಲಿಕೋನ್ ಎಂದರೆ ವಿಷವೆಂಬ ಪ್ರಚಾರವಿದೆ. ಚರ್ಮಕ್ಕೆ ಡೈಮೆಥಿಕೋನ್ ಸೌಮ್ಯವಾದದ್ದೇ, ಹೆದರಬೇಕಿಲ್ಲ.

ನೀರು ಹಿಡಿಯುವ ವಸ್ತು ಮಾತ್ರ ಇದ್ದು ಮುಚ್ಚಿಗೆ ಇಲ್ಲದ ಜೆಲ್ಲನ್ನು ಒಣಗಾಳಿಯಲ್ಲಿ ಹಚ್ಚಿದರೆ, ಹಚ್ಚಿದಾಗ ತಂಪೆನಿಸಿ ಅರ್ಧ ಗಂಟೆಗೆ ಮೊದಲಿಗಿಂತ ಹೆಚ್ಚು ಬಿಗಿಯುವುದುಂಟು. ಹಿಡಿದ ನೀರೂ ಗಾಳಿಗೇ ಹೋಯಿತು. ಒದ್ದೆ ಗಾಳಿಯ ಊರಿನವರು ಹೊಗಳಿದ ಕ್ರೀಮು ನಮ್ಮಲ್ಲಿ ಸೋಲುವುದು ಹೀಗೆ.

ಪಟ್ಟಿಯನ್ನು ಮೇಲಿನಿಂದ ಓದಿ

2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ನಮ್ಮ ದೇಶದಲ್ಲಿ ಮಾರುವ ಕ್ರೀಮಿನ ಪೊಟ್ಟಣದ ಮೇಲೆ ‘ಇಂಗ್ರೀಡಿಯೆಂಟ್ಸ್’ ಪಟ್ಟಿ ಇರಬೇಕು. ಶೇ 1ಕ್ಕಿಂತ ಹೆಚ್ಚಿರುವ ವಸ್ತುಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆಯಬೇಕು. ಶೇ 1 ಮತ್ತು ಅದಕ್ಕಿಂತ ಕಡಿಮೆ ಇರುವವನ್ನು ಅವುಗಳ ನಂತರ ಹೇಗೆ ಬೇಕಾದರೂ ಬರೆಯಬಹುದು. 30 ಗ್ರಾಮಿಗಿಂತ ಚಿಕ್ಕ ಕ್ರೀಮಿನ ಪೊಟ್ಟಣಕ್ಕೆ ಪಟ್ಟಿಯಿಂದ ವಿನಾಯಿತಿ ಇದೆ. ಹಾಗಾಗಿ ಸಣ್ಣ ಟ್ಯೂಬು ಪರೀಕ್ಷೆಗೆ ಕೊಳ್ಳುವುದಿದ್ದರೂ ಓದಿಗೆ ದೊಡ್ಡ ಡಬ್ಬಿಯನ್ನೇ ಕೈಗೆತ್ತಿಕೊಳ್ಳಿ.

ಮೊದಲ ಹೆಸರು ಬಹುತೇಕ ‘ಅಕ್ವಾ’ ಅಥವಾ ‘ವಾಟರ್’. ಹಗುರ ಜೆಲ್‌ಗಳಲ್ಲಿ ಮುಕ್ಕಾಲು ಪಾಲಿನಷ್ಟು ನೀರೇ ಇರುವುದು ಸಾಮಾನ್ಯ. ಅದು ಮೋಸವಲ್ಲ, ಜೆಲ್ ಆಗುವುದೇ ನೀರಿನಿಂದ. ನಂತರದ ನಾಲ್ಕೈದು ಹೆಸರುಗಳಲ್ಲಿ ಕ್ರೀಮಿನ ನಿಜವಾದ ಗುಣವಿದೆ. ಅಲ್ಲಿ ಗ್ಲಿಸರಿನ್ ಇದೆಯೇ, ಡೈಮೆಥಿಕೋನ್ ಅಥವಾ ಸ್ಕ್ವಾಲೇನ್ ಇದೆಯೇ ನೋಡಿ. ಎರಡೂ ಇದ್ದರೆ ಓದು ಮುಂದುವರಿಸಿ. ‘ಆಲ್ಕೊಹಾಲ್ ಡಿನ್ಯಾಟ್’ ಎರಡನೆಯದೋ ಮೂರನೆಯದೋ ಆಗಿದ್ದರೆ ಡಬ್ಬಿ ವಾಪಸ್ ಇಡಿ. ಬೇಗ ಒಣಗಿ ಹಗುರ ಅನ್ನಿಸಲೆಂದು ಹಾಕಿದ ಸ್ಪಿರಿಟ್ಟು ಅದು, ಒಡೆದ ಚರ್ಮಕ್ಕೆ ಉರಿ. ಆದರೆ ‘ಸೀಟೈಲ್ ಆಲ್ಕೊಹಾಲ್’, ‘ಸೀಟಿಯರಿಲ್ ಆಲ್ಕೊಹಾಲ್’ ನೋಡಿ ಗಾಬರಿಯಾಗಬೇಡಿ. ಅವು ಮೇಣದಂಥ ಕೊಬ್ಬಿನ ಜಾತಿ, ಚರ್ಮ ಮೆದು ಮಾಡುತ್ತವೆ.

ಇನ್ನೊಂದು ಉಪಾಯ ತುಂಬ ಕೆಲಸಕ್ಕೆ ಬರುತ್ತದೆ. ಪಟ್ಟಿಯಲ್ಲಿ ‘ಫಿನಾಕ್ಸಿಎಥನಾಲ್’ ಎಂಬ ಹೆಸರು ಹುಡುಕಿ. ಕ್ರೀಮು ಕೆಡದಂತೆ ಹಾಕುವ ವಸ್ತು ಅದು. ಐರೋಪ್ಯ ಒಕ್ಕೂಟ ಅದಕ್ಕೆ ಹಾಕಿರುವ ಮಿತಿ ಶೇ 1, ತಯಾರಕರು ಸಾಮಾನ್ಯವಾಗಿ ಅದನ್ನು ದಾಟುವುದಿಲ್ಲ. ಅಂದರೆ ಅದರ ನಂತರ ಬರುವ ಹೆಸರುಗಳೆಲ್ಲ ಶೇ 1ರೊಳಗೆ ಎಂದು ಊಹಿಸಬಹುದು. ಡಬ್ಬಿಯ ಮುಂದೆ ಚಿತ್ರ ಬರೆಸಿಕೊಂಡ ಕಮಲ, ಕೇಸರಿ, ಮುತ್ತು, ಹಿಮನದಿಯ ನೀರು ಎಲ್ಲವೂ ಈ ಗೆರೆಯ ಕೆಳಗೆ ಸಿಕ್ಕರೆ, ನೀವು ಚಿತ್ರಕ್ಕೆ ದುಡ್ಡು ಕೊಡುತ್ತಿದ್ದೀರಿ.

ಗೆರೆಯ ಕೆಳಗಿರುವುದೆಲ್ಲ ನಿಷ್ಪ್ರಯೋಜಕವೇ ಎಂದರೆ ಹಾಗಲ್ಲ. ಹಯಲುರಾನಿಕ್ ಆ್ಯಸಿಡ್ ಮತ್ತು ಸೆರಮೈಡ್ ಸ್ವಲ್ಪವೇ ಸಾಕು. ನಯಾಸಿನಮೈಡ್ ಹಾಗಲ್ಲ, ಅಧ್ಯಯನಗಳಲ್ಲಿ ಫಲ ಕಂಡಿರುವುದು ಹೆಚ್ಚಾಗಿ ಶೇ 2ರಿಂದ 5ರ ಪ್ರಮಾಣದಲ್ಲಿ. ಅದು ಗೆರೆಯ ಮೇಲೇ ಇರಬೇಕು. ಗ್ಲಿಸರಿನ್ ಅಂತೂ ಮೇಲಿನ ಸಾಲಿನಲ್ಲೇ ಇರಬೇಕು.

ದುಬಾರಿ ಡಬ್ಬಿಗಳು ಹೆಚ್ಚು ಕೂಗಿ ಹೇಳುವುದು ಹಯಲುರಾನಿಕ್ ಆ್ಯಸಿಡ್‌ನ ಹೆಸರನ್ನು. 1934ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಇದನ್ನು ದನದ ಕಣ್ಣಿನೊಳಗಿನ ದ್ರವದಿಂದ ಬೇರ್ಪಡಿಸಿದರು. ಈಗ ಬ್ಯಾಕ್ಟೀರಿಯಾ ಹುದುಗಿಸಿ ತಯಾರಿಸುತ್ತಾರೆ. ತನ್ನ ತೂಕದ ಸಾವಿರ ಪಟ್ಟು ನೀರು ಹಿಡಿಯುತ್ತದೆ ಎನ್ನುವ ಜಾಹೀರಾತು ನಂಬಿ ಬೆಲೆ ಕಟ್ಟಬೇಡಿ. ಅಷ್ಟು ಕಡಿಮೆ ಪ್ರಮಾಣದಲ್ಲಿದ್ದು ಅದು ಮಾಡುವುದು ಚರ್ಮದ ಮೇಲೆ ತೆಳುವಾದ ತೇವದ ಪೊರೆ ಕಟ್ಟುವುದನ್ನು, ಒಳ್ಳೆಯ ಕೆಲಸವೇ. ಅದೇ ಕೆಲಸದ ದೊಡ್ಡ ಪಾಲನ್ನು ಔಷಧ ಅಂಗಡಿಯ ಅಗ್ಗದ ಗ್ಲಿಸರಿನ್ ದಶಕಗಳಿಂದ ಮಾಡಿಕೊಂಡು ಬಂದಿದೆ.

‘ಪರ್ಫ್ಯೂಮ್’, ‘ಫ್ರೇಗ್ರೆನ್ಸ್’, ‘ಲಿನಲೂಲ್’, ‘ಲಿಮೊನೀನ್’ ಎಂದಿದ್ದರೆ ಅದು ಸುವಾಸನೆ. ಬೇಗ ಕೆರೆತ ಏಳುವ ಚರ್ಮದವರು ಸುವಾಸನೆಯಿಲ್ಲದ್ದನ್ನೇ ಕೊಳ್ಳಲಿ. ‘72 ಗಂಟೆ ತೇವ’ ಎಂಬ ಬರಹವನ್ನೂ ಅಳತೆಗೆ ಹಿಡಿಯಬೇಡಿ. ಇಂಥ ಪರೀಕ್ಷೆಗಳು ನಡೆಯುವುದು ಉಷ್ಣತೆ, ತೇವಾಂಶ ನಿಯಂತ್ರಿಸಿದ ಕೋಣೆಯಲ್ಲಿ, ಗಾಳಿಗೆ ಮೈಯೊಡ್ಡಿದ ಬಸ್ ನಿಲ್ದಾಣದಲ್ಲಲ್ಲ.

ನಮ್ಮ ಹೊಲದ ಎಣ್ಣೆ

ಪಟ್ಟಿ ಓದುತ್ತಾ ಹೋದರೆ ‘ಕಾರ್ತಮಸ್ ಟಿಂಕ್ಟೋರಿಯಸ್ ಸೀಡ್ ಆಯಿಲ್’, ‘ಹೀಲಿಯಾಂಥಸ್ ಆ್ಯನಸ್ ಸೀಡ್ ಆಯಿಲ್’ ಎಂದು ಸಿಗಬಹುದು. ಮೊದಲನೆಯದು ನಮ್ಮ ಕುಸುಬಿ, ಎರಡನೆಯದು ಸೂರ್ಯಕಾಂತಿ. ಎರಡರಲ್ಲೂ ಲಿನೊಲೀಕ್ ಆಮ್ಲ ಹೆಚ್ಚು, ಸಾಮಾನ್ಯ ಕುಸುಬಿ ಎಣ್ಣೆಯಲ್ಲಿ ಮುಕ್ಕಾಲು ಭಾಗದ ಹತ್ತಿರ. ಚರ್ಮ ತನ್ನ ಸೆರಮೈಡ್ ಕಟ್ಟಿಕೊಳ್ಳಲು ಬಳಸುವ ಆಮ್ಲವಿದು. 2013ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ ಆಲಿವ್ ಎಣ್ಣೆ ಚರ್ಮದ ತಡೆಗೋಡೆಯನ್ನು ದುರ್ಬಲಗೊಳಿಸಿತು, ಸೂರ್ಯಕಾಂತಿ ಎಣ್ಣೆ ಹಾಗೆ ಮಾಡದೆ ತೇವ ಹೆಚ್ಚಿಸಿತು. ಹೊರದೇಶದ ಎಣ್ಣೆಯೇ ಮೇಲೆಂಬ ಭಾವನೆ ಬಿಡಲು ಇಷ್ಟು ಸಾಕು. ಹಾಗೆಂದು ಗಾಣದ ಕುಸುಬಿ ಎಣ್ಣೆಯನ್ನು ಮುಖಕ್ಕೆ ಸುರಿದುಕೊಳ್ಳಿ ಎನ್ನುತ್ತಿಲ್ಲ. ಬರೀ ಎಣ್ಣೆ ನೀರು ಹಿಡಿಯುವುದಿಲ್ಲ, ಬೇಗ ಕಮಟುತ್ತದೆ. ಮುಂಗೈ, ಹಿಮ್ಮಡಿಗೆ ಧಾರಾಳವಾಗಿ ಆದೀತು.

ಗ್ರಾಮಿನ ಲೆಕ್ಕ

ಡಬ್ಬಿಯ ಬೆಲೆ ನೋಡಬೇಡಿ, ಗ್ರಾಮಿನ ಬೆಲೆ ನೋಡಿ. 50 ಗ್ರಾಮಿಗೆ 1,500 ರೂಪಾಯಿ ಎಂದರೆ ಗ್ರಾಮಿಗೆ 30. 100 ಗ್ರಾಮಿಗೆ 250 ಎಂದರೆ ಎರಡೂವರೆ. ತೋರುಬೆರಳ ತುದಿಯಿಂದ ಮೊದಲ ಗೆಣ್ಣಿನ ಗೆರೆಯವರೆಗೆ ಟ್ಯೂಬಿನಿಂದ ಹಿಂಡಿದ ಕ್ರೀಮು ಸುಮಾರು ಅರ್ಧ ಗ್ರಾಮು, ಒಂದು ಸಲಕ್ಕೆ ಮುಖಕ್ಕೆ ಅಷ್ಟು ಸಾಕು. ದಿನಕ್ಕೆ ಎರಡು ಸಲ ಎಂದರೆ ಒಂದು ಗ್ರಾಮು. ತಿಂಗಳಿಗೆ ಒಂದು 900 ರೂಪಾಯಿ, ಇನ್ನೊಂದು 75. ಎರಡರ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ಮೊದಲ ಆರು ಹೆಸರು ಹೋಲಿಸಿ. ಅವು ಹೆಚ್ಚುಕಡಿಮೆ ಒಂದೇ ಆಗಿದ್ದರೆ ಉಳಿದ 825 ರೂಪಾಯಿ ಹೋಗುವುದು ಹೆಚ್ಚಾಗಿ ಸುವಾಸನೆ, ಗಾಜಿನ ಡಬ್ಬಿ, ಹಚ್ಚಿದಾಗಿನ ನುಣುಪು ಮತ್ತು ಜಾಹೀರಾತಿಗೆ. ನುಣುಪಿಗೂ ಬೆಲೆಯಿದೆ, ಒಪ್ಪುತ್ತೇನೆ. ಹಿತವೆನಿಸಿದ ಕ್ರೀಮನ್ನು ಜನ ತಪ್ಪದೆ ಹಚ್ಚುತ್ತಾರೆ. ಆದರೆ ದುಬಾರಿಯೆಂದು ಜೋಳದ ಕಾಳಿನಷ್ಟು ಹಚ್ಚಿ ಉಳಿಸುವುದಾದರೆ, ಅಗ್ಗದ್ದನ್ನು ಬೇಕಾದಷ್ಟು ಹಚ್ಚುವುದೇ ಚರ್ಮಕ್ಕೆ ಲಾಭ.

ಬಾಯಿ ಅಗಲವಾದ ಡಬ್ಬಿಗಿಂತ ಟ್ಯೂಬು, ಪಂಪು ಉತ್ತಮ, ಬೆರಳ ಕೊಳೆ ಒಳಗೆ ಹೋಗುವುದಿಲ್ಲ. ತೆರೆದ ಡಬ್ಬಿಯ ಚಿತ್ರದೊಳಗೆ 6 ಅಥವಾ 12 ಎಂದು ಬರೆದಿದ್ದರೆ ಮುಚ್ಚಳ ತೆಗೆದ ಮೇಲೆ ಅಷ್ಟು ತಿಂಗಳು ಬಳಸಬಹುದು ಎಂದರ್ಥ.

ಮೊಳಕೈಗೆ ಮೊದಲು, ಮುಖಕ್ಕೆ ಆಮೇಲೆ

ಮೊಳಕೈ ಮಡಿಕೆಯ ಹತ್ತಿರ, ಒಳಭಾಗದಲ್ಲಿ, ನಾಣ್ಯದಗಲ ಜಾಗಕ್ಕೆ ದಿನಕ್ಕೆ ಎರಡು ಸಲ ಹಚ್ಚಿ. ಒಂದು ವಾರದಿಂದ ಹತ್ತು ದಿನ. ಕೆಂಪು, ಕೆರೆತ, ಗುಳ್ಳೆ ಏಳದಿದ್ದರೆ ಮುಖಕ್ಕೆ ತನ್ನಿ. ಮುಖದಲ್ಲೂ ಮೊದಲ ಎರಡು ವಾರ ಎಡಗೆನ್ನೆಗೆ ಹೊಸ ಕ್ರೀಮು, ಬಲಗೆನ್ನೆಗೆ ಹಳೆಯದು. ತೊಳೆದು ನೀರು ಒತ್ತಿ ಒರೆಸಿ, ಚರ್ಮ ಇನ್ನೂ ಹಸಿಯಾಗಿರುವಾಗಲೇ ಹಚ್ಚಬೇಕು. ಹಚ್ಚಿದ ಕೂಡಲೇ ಏನನ್ನಿಸಿತು ಎಂಬುದು ಮುಖ್ಯವಲ್ಲ. ಮಧ್ಯಾಹ್ನ ಎರಡಕ್ಕೆ, ಊರು ಸುತ್ತಿ ಬಂದ ಮೇಲೆ, ಯಾವ ಕೆನ್ನೆ ಬಿಗಿದಿದೆ ಎಂದು ಮುಟ್ಟಿ ನೋಡಿ. ಜನವರಿಯಲ್ಲಿ ಹೊಸ ಜೆಲ್ ಸಾಲದೆನಿಸಿದರೆ ಎಸೆಯಬೇಡಿ, ರಾತ್ರಿ ಅದರ ಮೇಲೆ ಕಡಲೆಕಾಳಿನಷ್ಟು ಪೆಟ್ರೋಲಿಯಂ ಜೆಲ್ಲಿ ತೆಳ್ಳಗೆ ಸವರಿ. ಮೊಡವೆಯವರು ಒಡೆದ ಜಾಗಕ್ಕಷ್ಟೇ. ಮಾರ್ಚ್ ಬಂದು ಬೆವರು ಶುರುವಾದಾಗ ಅದೇ ಜೆಲ್ ಒಂದೇ ಸಾಕಾಗುತ್ತದೆ. ಹಗಲು ಹೊಲಕ್ಕೆ, ಬೈಕಿನ ಮೇಲೆ ಹೋಗುವವರಿಗೆ ಯಾವ ತಿಂಗಳಾದರೂ ಕ್ರೀಮಿನ ಮೇಲೆ ಸನ್‌ಸ್ಕ್ರೀನ್ ಬೇಕು, ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ್ದು.

ಬೆಳ್ಳಗಾಗುವ ಮಾತು ಬಂದರೆ

ತೇವದ ಕ್ರೀಮು ಕೇಳಿದರೆ ‘ಇದು ಹಚ್ಚಿದರ ಬೆಳ್ಳಗನೂ ಆಗ್ತೀರಿ’ ಎಂದು ಬೇರೆ ಟ್ಯೂಬು ಕೈಗಿಡುವವರಿದ್ದಾರೆ. ಅದರ ಮೇಲೆ ಬೆಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಎಂಬ ಹೆಸರಿದ್ದರೆ ಅದು ಕ್ರೀಮಲ್ಲ, ಸ್ಟೀರಾಯ್ಡ್ ಔಷಧ. ಹಚ್ಚಿದ ವಾರದಲ್ಲಿ ಮುಖ ಹೊಳೆಯುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ಕೆಂಪು ನರ ಕಂಡು, ಮೊಡವೆ ಕೂದಲು ಎದ್ದು, ಬಿಟ್ಟರೆ ಉರಿಯುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್‌ಗಳನ್ನು ಎಚ್ ಪಟ್ಟಿಗೆ ಸೇರಿಸಿತು, ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ತಯಾರಕರ ವಿಳಾಸವೇ ಇಲ್ಲದ ಬೆಳ್ಳಗಾಗಿಸುವ ಡಬ್ಬಿಗಳ ಅಪಾಯ ಇನ್ನೂ ಬೇರೆ, ಅವುಗಳಲ್ಲಿ ಪಾದರಸ ಇರುವುದುಂಟು. 2023ರಲ್ಲಿ ಕೇರಳದ ಮಲಪ್ಪುರಂನಲ್ಲಿ ಇಂಥ ಕ್ರೀಮು ಬಳಸಿದವರ ಮೂತ್ರಪಿಂಡಕ್ಕೇ ಪೆಟ್ಟು ಬಿದ್ದದ್ದನ್ನು ವೈದ್ಯರು ಗುರುತಿಸಿದರು. ಮದುವೆ ಗೊತ್ತಾದ ಹೆಣ್ಣುಮಕ್ಕಳ ಕೈಗೆ ಇವನ್ನು ಕೊಡುವುದನ್ನು ನೋಡಿದಾಗ ಸಂಕಟವಾಗುತ್ತದೆ. ಮನೆಯ ಹಿರಿಯರು ದಯವಿಟ್ಟು ತಡೆಯಿರಿ.

ಎರಡು ವಾರ ತಪ್ಪದೆ ಹಚ್ಚಿದರೂ ಒಡೆಯುವುದು ನಿಲ್ಲದೆ, ಕೆರೆದು ನೀರು ಸೋರಿದರೆ, ಅಥವಾ ಬಿಳಿ ಮಚ್ಚೆಯಲ್ಲಿ ಸ್ಪರ್ಶ ತಿಳಿಯದಿದ್ದರೆ ಕ್ರೀಮು ಬದಲಿಸುತ್ತ ಕೂರಬೇಡಿ. ಗದಗಿನ ಜಿಮ್ಸ್ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ತೋರಿಸಿ, ಹಚ್ಚುತ್ತಿದ್ದ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ.

ಕೊಳ್ಳುವಾಗ ಬಿಲ್ಲು ಕೇಳಿ ಪಡೆಯಿರಿ. ತಯಾರಕರ ಹೆಸರು, ವಿಳಾಸ, ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ, ಬಳಸಬೇಕಾದ ಕೊನೆಯ ತಾರೀಖು ಡಬ್ಬಿಯ ಮೇಲೆ ಇರಲೇಬೇಕು. ವಿದೇಶದ್ದಾದರೆ ಆಮದುದಾರರ ವಿಳಾಸ ಮತ್ತು ನೋಂದಣಿ ಸಂಖ್ಯೆ. ಫೋನಿನಲ್ಲಿ ತರಿಸಿದ್ದಾದರೆ ಮುಚ್ಚಳ ತೆರೆಯುವ ಮುನ್ನ ಇವನ್ನೆಲ್ಲ ನೋಡಿ, ಫೋಟೊ ತೆಗೆದಿಡಿ. ಇವುಗಳಲ್ಲಿ ಒಂದು ಕಾಣದಿದ್ದರೂ ಮರಳಿ ಕಳಿಸಿ, ತೆಗೆದುಕೊಳ್ಳಲು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಬರೆಸಿ.